ಒಂದು ಸೊಟ್ಟ ಇದೆ ಅಂಡಿ

"ತುದಿಯೊಳಗ ಎಷ್ಟು ಐತ್ರಿ? ಇನ್ನೊಂದ್ ಸಲ ಹೇಳ್ರಿ," ಎಂದು ಚಿತ್ರಾ ಫೋನನ್ನು ಈ ಕಿವಿಯಿಂದ ಆ ಕಿವಿಗೆ ಬದಲಾಯಿಸಿಕೊಂಡಳು. ವಿಶಾಖಪಟ್ಟಣದ ಗಾಜುವಾಕದ ಬಾಡಿಗೆ ಮನೆಯ ಬಾಲ್ಕನಿ ಅದು, ಮೂರನೆಯ ಮಹಡಿ. ಕೆಳಗೆ ಶಿಫ್ಟು ಮುಗಿಸಿದವರನ್ನು ಇಳಿಸುತ್ತಿದ್ದ ಬಸ್ಸುಗಳೂ ಅವರನ್ನು ಹತ್ತಿಸಿಕೊಳ್ಳಲು ಹೊಡೆದಾಡುತ್ತಿದ್ದ ಆಟೋಗಳೂ ಒಟ್ಟಿಗೆ ಕಿರಿಚಿಕೊಳ್ಳುತ್ತಿದ್ದವು.

"ಹನ್ನೆರಡು ಪಾಯಿಂಟ್ ಏಳು ಮಿಲ್ಲಿಮೀಟರ್ ಅಂಡಿ," ಎಂದಿತು ವಿಜಯವಾಡದ ದನಿ, ನಮ್ಮ 'ರೀ' ಇರಬೇಕಾದಲ್ಲಿ ತೆಲುಗಿನ 'ಅಂಡಿ' ಹಚ್ಚುತ್ತ. "ವರ್ನಿಯರ್ ಇಟ್ಟೇ ನೋಡಿದೀನಿ. ಉದ್ದ ಇಪ್ಪತ್ತೊಂಬತ್ತು ಇಂಚು. ಜಾಯಿಂಟಿನ ತಿರುಪು ಹದಿನೆಂಟು ಎಳೆಯದು. ಪೂಲ್ ಕೋಲಿನ ಶಾಫ್ಟು ಮಾತ್ರ, ಕೆಳಗಿನ ಹಿಡಿ ಇಲ್ಲ. ಆಡ್‌ನಲ್ಲೇ ಹಾಕಿದೀನಲ್ಲ ಅಂಡಿ?"

ಹಾಕಿದ್ದ. ಆ ಜಾಹೀರಾತನ್ನು ಚಿತ್ರಾ ಬೆಳಗಿನಿಂದ ಎಷ್ಟು ಸಲ ಓದಿದ್ದಳೆಂದರೆ, ಕಣ್ಣು ಮುಚ್ಚಿದರೂ ಅಂಕಿಗಳು ಕಾಣುತ್ತಿದ್ದವು. ಹನ್ನೆರಡು ಪಾಯಿಂಟ್ ಏಳು. ಅಂಗಡಿಯಲ್ಲಿ ಅಂಥ ಅಳತೆ ಸಿಗುವುದಿಲ್ಲ. ಅಲ್ಲಿ ಹದಿಮೂರು ಸಿಗುತ್ತದೆ, ಹನ್ನೆರಡೂ ಮುಕ್ಕಾಲು ಸಿಗುತ್ತದೆ. ಪಾಯಿಂಟ್ ಏಳು ಬೇಕೆಂದರೆ ಯಾರೋ ಒಬ್ಬರು ಒಂದು ಮಧ್ಯಾಹ್ನವಿಡೀ ಕೂತು ಉಪ್ಪುಕಾಗದದಲ್ಲಿ ಮೆಲ್ಲಗೆ ಉಜ್ಜಿರಬೇಕು. ಪಕ್ಕದಲ್ಲಿ ಇನ್ನೊಬ್ಬರು ಲ್ಯಾಬಿನ ವರ್ನಿಯರ್ ಹಿಡಿದು "ಇನ್ನ ಸ್ವಲ್ಪ, ಇನ್ನ ಸ್ವಲ್ಪ" ಅನ್ನುತ್ತಿರಬೇಕು.

ಫೋನಿನವನ ಹೆಸರು ಲಿಂಗರಾಜು. ಗವರ್ನರ್‌ಪೇಟೆಯಲ್ಲಿ ಅವನದೊಂದು ಪೂಲ್ ಪಾರ್ಲರು. ಚಿತ್ರಾ ತೆಲುಗಿನಲ್ಲಿ ಶುರು ಮಾಡಿದ ಎರಡನೆಯ ಮಾತಿಗೇ ಅವನು ಹಿಡಿದುಬಿಟ್ಟಿದ್ದ. "ಮೀರು ಕನ್ನಡವಾಳ್ಳಾ? ನಮ್ಮ ಅಮ್ಮ ಬಳ್ಳಾರಿ ಅಂಡಿ! ಕನ್ನಡದಲ್ಲೇ ಮಾತಾಡಿ. ನನ್ನ ಕನ್ನಡ ಮನೆ ಕನ್ನಡ, ಹೊಸ್ತಿಲು ದಾಟಿಲ್ಲ, ಆದ್ರೂ ನಡೆಯುತ್ತೆ."

"ಅದ್ರಾಗ ತಗ್ಗು ಏನಾರ ಐತೇನ್ರಿ?" ಎಂದು ಚಿತ್ರಾ ಕೇಳಿದಳು. ಅವಳಿಗೆ ತಿಳಿಯಬೇಕಾಗಿದ್ದದ್ದು ಆ ಒಂದು ತಗ್ಗು. ಅದಿದ್ದರೆ ಅದು ಅವಳದೂ ಗುರುದತ್ತನದೂ ಆದ ಶಾಫ್ಟು.

"ತಗ್ಗೂ ಇಲ್ಲ, ಹೆಚ್ಚೂ ಇಲ್ಲ ಅಂಡಿ," ಎಂದ ಲಿಂಗರಾಜು ಖಡಾಖಂಡಿತವಾಗಿ. ಆಮೇಲೆ, ವ್ಯಾಪಾರದಲ್ಲಿ ಮುಚ್ಚುಮರೆ ಬೇಡವೆಂಬಂತೆ, ದನಿ ತಗ್ಗಿಸಿ, "ಇರೋದು ಹೇಳ್ಬಿಡ್ತೀನಿ. ಒಂದು ಸೊಟ್ಟ ಇದೆ ಅಂಡಿ," ಅಂದ.

"ಸೊಟ್ಟ ಐತಾ?"

"ಸ್ವಲ್ಪ. ಕಣ್ಣಿಗೆ ಕಾಣಲ್ಲ, ಬೆರಳಿಗೆ ಗೊತ್ತಾಗುತ್ತೆ. ಆಟಕ್ಕೆ ಏನೂ ಆಗಲ್ಲ. ಆ ಸಾರ್ ಭಾನುವಾರ ಭಾನುವಾರ ಬರ್ತಾರೆ, ಶಾಫ್ಟ್ ಅವರದೇ. ಬೇಕಿದ್ರೆ ಮಾತಾಡಿಸ್ತೀನಿ."

ಚಿತ್ರಾ ಬಾಲ್ಕನಿಯ ಕಟಕಟೆಗೆ ಒರಗಿದಳು. ಸೊಟ್ಟ! ಅವರ ಶಾಫ್ಟು ಬಿಸಿಲುಕೋಲಿನಷ್ಟು ನೆಟ್ಟಗಿತ್ತು. ಮೇಜಿನ ಮೇಲೆ ಉರುಳಿಸಿದರೆ ಈ ತುದಿಯಿಂದ ಆ ತುದಿಗೆ ಒಂಚೂರೂ ಕುಲುಕದೆ ಹೋಗುತ್ತಿತ್ತು. ಹಾಗಾದರೆ ಇದು ಅದಲ್ಲ. ಯಾರದೋ ಬೇರೆ ಶಾಫ್ಟು, ಯಾರೋ ಬೇರೆ ಸಾರು. ಗುರುದತ್ತ ತನ್ನ ತುಂಡನ್ನು ಮಾರಲು ಹೊರಟಿಲ್ಲ. ಎದೆಯ ಮೇಲಿನ ಕಲ್ಲು ಇಳಿದ ಹಾಗಾಯಿತು. ಇಳಿದ ಜಾಗ ಖಾಲಿಯಾಗಿ ತಣ್ಣಗೆ ಕೊರೆಯಲೂ ತೊಡಗಿತು.

"ಸೊಟ್ಟ ಇದ್ರ ಬ್ಯಾಡ್ರಿ," ಎಂದಳು. "ಮಾತಾಡ್ಸೂದೇನ್ ಬ್ಯಾಡ. ಸೊಟ್ಟ ಇದ್ದದ್ದ ನನಗ ಬ್ಯಾಡ."

ಕತೆ ಇಲ್ಲಿಂದ ಎರಡು ವರ್ಷಕ್ಕೂ ಹಿಂದಕ್ಕೆ ಹೋಗಬೇಕು. ಅದೇ ಊರಿನ ದ್ವಾರಕಾ ನಗರದಲ್ಲಿ ಒಂದು ಮಿಠಾಯಿ ಅಂಗಡಿ, ಅದರ ಮೇಲಿನ ಮಹಡಿಯಲ್ಲಿ ನಾಲ್ಕು ಪೂಲ್ ಮೇಜು. ಕೆಳಗಿನ ತುಪ್ಪದ ಘಮ ಮೆಟ್ಟಿಲು ಹತ್ತಿ ಬಂದು ಹಸಿರು ಬಟ್ಟೆಯ ಮೇಲೆ ಕೂರುತ್ತಿತ್ತು. ಧಾರವಾಡದಿಂದ ಔಷಧ ಕಂಪನಿಯ ಗುಣಮಟ್ಟದ ಲ್ಯಾಬಿಗೆ ಬಂದಿದ್ದ ಚಿತ್ರಾಳೂ, ತಿಪಟೂರಿನಿಂದ ಬ್ಯಾಂಕ್ ಆಫೀಸರಾಗಿ ಬಂದಿದ್ದ ಗುರುದತ್ತನೂ ಪರಸ್ಪರ ಕನ್ನಡ ಕೇಳಿಸಿಕೊಂಡದ್ದು ಅಲ್ಲೇ. ಅವನ ಹೊಡೆತ ತಪ್ಪಿದಾಗ ಅವಳು ತನ್ನಷ್ಟಕ್ಕೆ "ಅಯ್ಯ, ಬಿತ್ತಲಾ ಬಾವ್ಯಾಗ" ಅಂದಿದ್ದಳು. ಅವನು ತಿರುಗಿ, "ಬಿದ್ದಿದ್ದು ಬಿಳೀ ಚೆಂಡು, ನಗ್ತಿರೋದು ಯಾರು?" ಅಂದಿದ್ದ.

ಇಬ್ಬರೂ ಅರ್ಧರ್ಧ ಹಾಕಿ ಹಳೆಯದೊಂದು ಕ್ಯೂ ಕೊಂಡು, ಅದರ ತುದಿಯನ್ನು ತಾವೇ ಉಜ್ಜಿ ಸಣ್ಣಗೆ ಮಾಡಿಕೊಂಡರು. ಕ್ಯೂ ಎಂದರೆ ಎರಡು ತುಂಡಿನ ಕೋಲು: ಕೆಳಗೆ ದಪ್ಪ ಹಿಡಿ, ಮೇಲೆ ತುದಿಗೆ ಹೋದಂತೆ ಸಣ್ಣಗಾಗುವ ಶಾಫ್ಟು, ನಡುವೆ ತಿರುಪಿನಲ್ಲಿ ಕೂಡಿಸುವುದು. ಕೊಳ್ಳುವ ದಿನ ಗುರುದತ್ತ ಅವಳಿಗೆ ನೋಡುವ ಕ್ರಮ ಕಲಿಸಿದ. "ಮೊದಲು ಉರುಳಿಸು. ಆಮೇಲೆ ಬೆರಳಾಡಿಸು. ಅಳೆಯೋದು ಕೊನೆಗೆ. ಮೊದಲೇ ಅಳತೆ ಕೇಳೋನು ಮೋಸ ಹೋಗ್ತಾನೆ." ಚಿತ್ರಾ ಊರಿಗೆ ಫೋನು ಮಾಡಿ ಹೇಳಿದಾಗ ಅಜ್ಜಿ ಬಿದ್ದುಬಿದ್ದು ನಕ್ಕಿದ್ದಳು. "ಕ್ಯೂ ಅಂದ್ರ ರೇಷನ್ ಅಂಗಡಿ ಮುಂದ ನಿಲ್ಲೂದಲ್ಲೇನs? ಅದನ್ನೂ ರೊಕ್ಕ ಕೊಟ್ಟು ತರ್ತಾರೇನ ನಿಮ್ಮ ಇಶಾಖಪಟ್ನದಾಗ?"

ಆ ಅಜ್ಜಿಯ ಮಡಿಲಲ್ಲೇ ಚಿತ್ರಾ ಬೆಳೆದದ್ದು. ಬಾಯಿಗೆ ತುತ್ತಿಗಿಂತ ಮೊದಲು ಕತೆ ಬೀಳುತ್ತಿತ್ತು. ಹೆಚ್ಚಾಗಿ ಬೀಳುತ್ತಿದ್ದದ್ದು ಬಳೆಯ ಕತೆ. ಒಬ್ಬ ರಾಜಕುಮಾರಿ, ಒಬ್ಬ ಕುಂಬಾರ. ಅಗಲುವ ದಿನ ಒಂದು ಬಳೆಯನ್ನು ಎರಡು ತುಂಡು ಮಾಡಿ ಒಬ್ಬೊಬ್ಬರು ಒಂದೊಂದು ಇಟ್ಟುಕೊಳ್ಳುತ್ತಾರೆ. ಹನ್ನೆರಡು ವರ್ಷದ ಮೇಲೆ ತುಂಡಿಗೆ ತುಂಡು ಹಚ್ಚಿದಾಗ ನಡುವೆ ನೀರಿನ ಹನಿಯೂ ಇಳಿಯುವುದಿಲ್ಲ. ಚಿತ್ರಾಳಿಗೆ ಆ ನೀರಿಳಿಯದ ಜಾಗವೇ ಇಷ್ಟ. ಹನ್ನೆರಡು ವರ್ಷದ ಸಂಗತಿಯನ್ನು ಅವಳು ಕಿವಿಗೆ ಹಾಕಿಕೊಂಡಿರಲಿಲ್ಲ.

ಒಂದು ಸಂಜೆ ಅವಳು ಹೊಡೆತಕ್ಕೆ ಬಗ್ಗಿದ್ದಳು. ಗುರುದತ್ತ ಮೇಜಿನ ಆಚೆ ಕಡೆ ಕೋಲಿನ ತುದಿಗೆ ಹಚ್ಚುವ ಸುಣ್ಣದ ಬಿಲ್ಲೆಯನ್ನು ಬೆರಳಲ್ಲಿ ತಿರುಗಿಸುತ್ತ, "ವಿಜಯವಾಡಕ್ಕೆ ಟ್ರಾನ್ಸ್‌ಫರ್ ಬಂತು ಚಿತ್ರಾ," ಅಂದ. ಅವಳು ತಲೆಯೆತ್ತುವಷ್ಟರಲ್ಲಿ, "ಜೊತೆಗೆ ಬರ್ತೀಯಾ? ಮನೇಲಿ ಮಾತಾಡಲಾ?" ಅಂದ. ಅವಳ ಕೈ ಜಾರಿ ಶಾಫ್ಟು ಮೇಜಿನ ಮೂಲೆಯ ಲೋಹದ ಅಂಚಿಗೆ ಟಪ್ಪೆಂದು ಬಡಿಯಿತು. ಜೋಳದ ಕಾಳು ಒತ್ತಿದಷ್ಟು ಸಣ್ಣ ತಗ್ಗು ಬಿತ್ತು. ಹೂಂ ಎನ್ನಲು ಅವಳಿಗೆ ಬಾಯಿವರೆಗೂ ಬಂದಿತ್ತು. ಆದರೆ ಅಷ್ಟು ಸುಲಭಕ್ಕೆ, ಮಿಠಾಯಿ ಅಂಗಡಿಯ ಮೇಲೆ, ಒಂದು ಹೂಂಗೆ ಮುಗಿದುಹೋದರೆ ಅದೆಂಥ ಕತೆ?

"ಹಿಂಗ ಮಾಡೂಣು," ಎಂದಳು. ತಿರುಪು ಬಿಚ್ಚಿ ಶಾಫ್ಟನ್ನು ಅವನಿಗೆ ಕೊಟ್ಟಳು, ಹಿಡಿಯನ್ನು ತಾನಿಟ್ಟುಕೊಂಡಳು. "ಫೋನಿಲ್ಲ, ಮೆಸೇಜಿಲ್ಲ. ಯಾರಿಗೆ ತಡೀಲಾರದಂಗ ಆಗ್ತೈತಿ, ಅವರು ತಮ್ಮ ತುಂಡು ಹಿಡ್ಕೊಂಡು ಇನ್ನೊಬ್ರ ಕಡೆ ಬರಬೇಕು."

"ಇದೇನ್ ಆಟಾನೆ ತಾಯಿ! ಇಬ್ರಿಗೂ ಒಂದೇ ದಿನ ಹಂಗಾದ್ರೆ?"

"ನಡುವ ಭೇಟಿ ಆಗೂಣು."

"ನಡುವೆ ಅಂದ್ರೆ ರಾಜಮಹೇಂದ್ರಿ. ಗೋದಾವರಿ ಮಧ್ಯೆ ನಿಂತ್ಕೋಬೇಕಾಗತ್ತೆ," ಎಂದು ಅವನು ನಕ್ಕಿದ್ದ. ನಗು ಮುಗಿದ ಮೇಲೆ, "ನಾನು ಕೇಳಿ ಆಗಿದೆ ಚಿತ್ರಾ. ಇನ್ನು ಬರಬೇಕಾದೋಳು ನೀನು," ಎಂದೂ ಅಂದಿದ್ದ. ಅವಳು ಆಗ ತಗ್ಗಿನ ಜಾಗ ಅಳೆಯುತ್ತಿದ್ದಳು, ಅಜ್ಜಿಯ ಹಾಗೆ ಬೆರಳು ಚಾಚಿ: ತುದಿಯಿಂದ ಒಂದು ಗೇಣು, ನಾಲ್ಕು ಬೆರಳು. ಕೊನೆಯ ಮಾತು ಕೇಳಿಯೂ ಕೇಳದ ಹಾಗೆ ಹೋಯಿತು.

ಎರಡು ವರ್ಷ. ಹಿಡಿ ಗಾಜುವಾಕದ ಕಪಾಟಿನಲ್ಲಿ ಸೀರೆಯ ನಡುವೆ ಮಲಗಿತ್ತು. ಭಾನುವಾರ ಬಾಗಿಲು ಬಡಿದರೆ ಚಿತ್ರಾ ಮೊದಲು ಕನ್ನಡಿ ನೋಡಿಕೊಂಡು ಆಮೇಲೆ ಚಿಲಕ ತೆಗೆಯುವಳು. ಗ್ಯಾಸಿನವನೋ ಇಸ್ತ್ರಿಯವಳೋ ನಿಂತಿರುತ್ತಿದ್ದರು. ಹಳೆಯ ಸಾಮಾನು ಮಾರುವ ಆ್ಯಪಿನಲ್ಲಿ "ಶಾಫ್ಟು ಮಾತ್ರ" ಎಂದು ಹುಡುಕುವುದು ಅವಳಿಗೆ ಹಲ್ಲುಜ್ಜುವಷ್ಟು ಅಭ್ಯಾಸವಾಗಿತ್ತು. ಸಿಗಬಾರದು ಎಂದೇ ಹುಡುಕುತ್ತಿದ್ದಳು.

ವಿಜಯವಾಡದ ಫೋನಾಗಿ ಇಪ್ಪತ್ತು ದಿನ ಕಳೆದಿದ್ದವು. ಶನಿವಾರ ಮಧ್ಯಾಹ್ನ ಲ್ಯಾಬಿನ ಊಟದ ಕೋಣೆಯಲ್ಲಿ ನರಸಿಂಹಮೂರ್ತಿಗಾರು ಗೊಂಗೂರ ಚಟ್ನಿಯ ಡಬ್ಬಿ ಪಕ್ಕಕ್ಕಿಟ್ಟು ಫೋನು ಮುಂದೆ ಹಿಡಿದರು. ನಿವೃತ್ತಿಗೆ ಆರು ತಿಂಗಳಿದ್ದ ಹಿರಿಯರು. ಈಚೆಗೆ ಅವರಿಗೆ ಮೊಮ್ಮಗಳದೇ ಧ್ಯಾನ.

"ಚೂಡಂಡಿ ಮೇಡಂ, ಮಾ ಮನವರಾಲು. ಸೊಟ್ಟ ಬುಗ್ಗಲು ಚೂಡಂಡಿ!"

ಫೋಟೋದಲ್ಲಿ ಹಲ್ಲಿಲ್ಲದ ಕೂಸು ನಗುತ್ತಿತ್ತು. ಬುಗ್ಗಲು ಎಂದರೆ ಕೆನ್ನೆ ಎಂದು ಚಿತ್ರಾಳಿಗೆ ಗೊತ್ತಿತ್ತು. ಇಷ್ಟು ಚೆಂದದ ಕೂಸಿನ ಕೆನ್ನೆಯನ್ನು ಸ್ವಂತ ತಾತನೇ ಸೊಟ್ಟ ಅನ್ನುವುದೇ? "ಎಲ್ಲಿ ಸಾರ್, ನೇರವಾಗೇ ಇದೆಯಲ್ಲ," ಎಂದಳು ತೆಲುಗಿನಲ್ಲಿ. ಸುತ್ತ ಕೂತವರೆಲ್ಲ ಗೊಳ್ಳೆಂದರು.

ನರಸಿಂಹಮೂರ್ತಿಗಾರು ನಗುತ್ತಲೇ ತಮ್ಮ ಸುಕ್ಕು ಕೆನ್ನೆಗೆ ತೋರುಬೆರಳು ಒತ್ತಿ ತೋರಿಸಿದರು. "ಸೊಟ್ಟ ಅಂಟೇ ಇದಿ ಅಮ್ಮಾ! ಗಿನ್ನೆಕಿ ಸೊಟ್ಟ ಪಡುತುಂದಿ ಕದಾ, ಅದೇ." ಬಟ್ಟಲು ಕೆಳಗೆ ಬಿದ್ದರೆ ಬೀಳುತ್ತದಲ್ಲ, ಅದು. ಸ್ಟೀಲ್ ಡಬ್ಬಿಯ ಅಂಚಿನಲ್ಲಿದ್ದ ಸಣ್ಣ ನೆಗ್ಗನ್ನೂ ಅವರು ಮುಟ್ಟಿ ತೋರಿಸಿದರು.

ಚಿತ್ರಾಳ ಕೈಯ ತುತ್ತು ಕೈಯಲ್ಲೇ ಉಳಿಯಿತು. ತೆಲುಗಿನ ಸೊಟ್ಟ ಎಂದರೆ ತಗ್ಗು. ಲಿಂಗರಾಜು ತೆಲುಗಿನಲ್ಲೇ ಹೇಳಿದ್ದರೆ ಅವಳು ಒಂದು ಸಲ ಕೇಳುತ್ತಿದ್ದಳೋ ಏನೋ. ಕನ್ನಡ ಆಡುತ್ತಿದ್ದ, ಅವಳೂ ಕನ್ನಡದ ಕಿವಿಯಲ್ಲೇ ಕೇಳಿಸಿಕೊಂಡಿದ್ದಳು. ಕೈ ತೊಳೆಯದೆಯೇ ಹೊರಗೆದ್ದು ಬಂದು ಫೋನು ಮಾಡಿದಳು.

"ಆ ಶಾಫ್ಟು ಐತೇನ್ರಿ ಇನ್ನ?"

"ಇದೆ ಅಂಡಿ. ಮೂವರು ಬಂದು ನೋಡಿದ್ರು. ಯಾರ ಹಿಡಿಗೂ ಸರಿಯಾಗಿ ಕೂರಲಿಲ್ಲ."

"ಆ ಸೊಟ್ಟ... ತುದಿಯಿಂದ ಎಷ್ಟು ದೂರದಾಗ ಐತಿ? ಅಳದು ಹೇಳ್ತೀರೇನ್ರಿ?"

ಆ ಕಡೆ ಟೇಪು ಎಳೆದ ಸದ್ದು, ಚೆಂಡಿಗೆ ಚೆಂಡು ತಾಗಿದ ಸದ್ದು. "ಹತ್ತೂ ಮುಕ್ಕಾಲು ಇಂಚು ಅಂಡಿ."

ಲ್ಯಾಬಿನ ಕಿಟಕಿಯ ಬಳಿ ಒಂದು ಸ್ಟೀಲ್ ಸ್ಕೇಲ್ ಇತ್ತು. ಚಿತ್ರಾ ಅದರ ಮೇಲೆ ಹೆಬ್ಬೆರಳಿಟ್ಟು ಕಿರುಬೆರಳು ಚಾಚಿದಳು. ಗೇಣು. ಅದರ ಮುಂದಕ್ಕೆ ನಾಲ್ಕು ಬೆರಳು ಜೋಡಿಸಿಟ್ಟಳು. ಉಗುರಿನ ಪಕ್ಕದಲ್ಲಿ ಹತ್ತೂ ಮುಕ್ಕಾಲರ ಗೆರೆ ನಿಂತಿತ್ತು.

"ನಾಳೆ ಬರ್ತೀನ್ರಿ," ಎಂದಳು. ನಾಳೆ ಭಾನುವಾರ. ಸಾರ್ ಬರುತ್ತಾರೆಯೇ ಎಂದು ಕೇಳಲಿಲ್ಲ. ಹೆಸರನ್ನೂ ಕೇಳಲಿಲ್ಲ.

ಸಂಜೆ ಊರಿಗೆ ಫೋನು ಮಾಡಿದಳು. "ಅಜ್ಜೀ, ಆ ಬಳಿ ಕತಿಯೊಳಗ ಯಾರು ಯಾರನ್ನ ಹುಡುಕ್ಕೊಂಡ್ ಹೋಗ್ತಾರ?"

"ಅಕಿನs ಹೋಗ್ತಾಳ. ಇನ್ಯಾರು?"

"ಕುಂಬಾರ ಬರ್ತಾನಂತ ನಾ ತಿಳ್ಕೊಂಡಿದ್ದೆ."

"ನೀ ಅಷ್ಟೊತ್ತಿಗೆ ನಿದ್ದಿ ಹೊಡೀತಿದ್ದಿ. ಅಂವಾ ಒಂದ್ ಸಲ ಅರಮನಿ ಬಾಗಲಕ್ಕ ಬಂದು ಕೇಳಿ ಹೋಗಿರ್ತಾನ. ಬಾಗಲ ತೆಗೀಲಾರದವರ ಮನಿಗೆ ಎಷ್ಟ್ ಸಲ ಬರ್ತಾನ? ಯಾಕ, ಈಗ ನೆನಪಾತು?"

"ಸುಮ್ನ," ಎಂದಳು ಚಿತ್ರಾ.

ಬೆಳಗಿನ ರೈಲು ಮಧ್ಯಾಹ್ನಕ್ಕೆ ವಿಜಯವಾಡ ಮುಟ್ಟಿಸಿತು. ಸೀರೆಯಲ್ಲಿ ಸುತ್ತಿದ ಹಿಡಿಯನ್ನು ಎದೆಗವಚಿಕೊಂಡು ಅವಳು ಗವರ್ನರ್‌ಪೇಟೆಯ ಆ ಮಹಡಿ ಹತ್ತಿದಾಗ ಬಿಸಿಲಿಗೆ ಕಣ್ಣು ಕತ್ತಲಿಟ್ಟಿತ್ತು. ಒಳಗೆ ಐದು ಮೇಜು. ಮೂರರಲ್ಲಿ ಆಟ ನಡೆದಿತ್ತು. ಆಡುತ್ತಿದ್ದ ಒಬ್ಬೊಬ್ಬರ ಬೆನ್ನನ್ನೂ ಅವಳು ನೋಡಿದಳು. ಯಾವ ಬೆನ್ನೂ ಅವನದಾಗಿರಲಿಲ್ಲ.

ಲಿಂಗರಾಜು ನಲವತ್ತರ ಆಚೆಯ ದಪ್ಪ ಮನುಷ್ಯ, ಹಣೆಯಲ್ಲಿ ಕುಂಕುಮ. "ರಂಡಿ ರಂಡಿ, ಬನ್ನಿ," ಎಂದು ಮಜ್ಜಿಗೆ ತರಿಸಿದ. ಗೂಟದಿಂದ ಶಾಫ್ಟನ್ನು ಇಳಿಸಿ ಬಟ್ಟೆಯಲ್ಲಿ ಒರೆಸಿ ಅವಳ ಕೈಗೆ ಕೊಟ್ಟ. ವರ್ನಿಯರನ್ನೂ ಟೇಪನ್ನೂ ಪಕ್ಕದಲ್ಲಿಟ್ಟ.

ಚಿತ್ರಾ ಮೊದಲು ಉರುಳಿಸಿದಳು. ಹಸಿರು ಬಟ್ಟೆಯ ಮೇಲೆ ಅದು ಒಂಚೂರೂ ಕುಲುಕದೆ ಹೋಯಿತು. ಆಮೇಲೆ ಕಣ್ಣು ಮುಚ್ಚಿ ಬೆರಳಾಡಿಸಿದಳು. ಒಂದು ಗೇಣು, ನಾಲ್ಕು ಬೆರಳು. ಜೋಳದ ಕಾಳಿನಷ್ಟು. ಅಳೆಯಲಿಲ್ಲ.

ಸೀರೆಯಿಂದ ಹಿಡಿಯನ್ನು ಬಿಚ್ಚಿ ತಿರುಪಿಗೆ ತಿರುಪು ಹಚ್ಚಿ ತಿರುಗಿಸಿದಳು. ಹದಿನೆಂಟು ಎಳೆಯೂ ಒಂದರ ಹಿಂದೊಂದು ಒಳಗೆ ಹೋದವು. ಕೂಡಿದ ಜಾಗದಲ್ಲಿ ಉಗುರು ಇಟ್ಟರೆ ಉಗುರು ನಿಲ್ಲಲಿಲ್ಲ.

"ಅಬ್ಬಾ!" ಎಂದ ಲಿಂಗರಾಜು. "ಇದರದ್ದೇ ಹಿಡಿ! ನಿಮ್ಮ ಹತ್ರ ಹೇಗೆ ಬಂತಂಡಿ? ಗುರುದತ್ ಸಾರ್ ಇದನ್ನ ನೋಡಬೇಕಾಗಿತ್ತು. ಎರಡು ವರ್ಷ ಭಾನುವಾರ ಭಾನುವಾರ ಬರ್ತಿದ್ರು. ಇಲ್ಲಿರೋ ಹಿಡಿಗೆಲ್ಲ ಹಚ್ಚಿ ನೋಡೋರು. ಕೂರ್ತಿರಲಿಲ್ಲ. ಕೂರಲ್ಲ ಅಂತ ಗೊತ್ತಿದ್ರೂ ನೋಡೋರು."

"ಈಗ... ಬರಲ್ಲೇನ್ರಿ?"

"ಅವರ ಊರ ಕಡೆಗೇ ಟ್ರಾನ್ಸ್‌ಫರ್ ಆಯ್ತಲ್ಲ. ಮಾರ್ಬಿಡು ಅಂದ್ರು. ಯಾರಾದ್ರೂ ಕನ್ನಡದವರು ಫೋನ್ ಮಾಡಿದ್ರೆ ನನಗೆ ಹೇಳು ಅಂತನೂ ಅಂದಿದ್ರು. ನೀವು ಮಾಡಿದ್ರಲ್ಲ, ಆ ಭಾನುವಾರವೇ ಹೇಳಿದೆ. 'ಸಾರ್, ಒಬ್ರು ಅಮ್ಮಾಯಿ, ಧಾರವಾಡದ ಕಡೆ ಮಾತು. ತುದಿ ಕೇಳಿದ್ರು, ಜಾಯಿಂಟ್ ಕೇಳಿದ್ರು, ಬೆಲೆ ತಗ್ಗುತ್ತಾ ಅಂತನೂ ಕೇಳಿದ್ರು. ಸೊಟ್ಟ ಇದೆ ಅಂದೆ, ಹಾಗಿದ್ರೆ ಬೇಡ ಅಂದ್ಬಿಟ್ರು' ಅಂತ."

ಬೆಲೆಯ ಮಾತನ್ನು ಚಿತ್ರಾ ಎತ್ತಿರಲೇ ಇಲ್ಲ, ಕೇಳಿದ್ದು ಕೋಲಿನ ಮೇಲಿನ ತಗ್ಗು. "ಅದಕ್ಕ ಅವರು ಏನಂದ್ರು?"

"ಇನ್ನೊಂದ್ ಸಲ ಹೇಳು ಅಂದ್ರು. 'ಸೊಟ್ಟ ಇದ್ದದ್ದ ನನಗೆ ಬೇಡ' ಅಂತಲೇ ಅಂದ್ರಾ ಅಂತ ಕೇಳಿದ್ರು. ಹೂಂ ಸಾರ್ ಅಂದೆ. ನಮ್ಮ ಸೊಟ್ಟ ಅಂದ್ರೆ ಏನು ಅಂತ ಅವರಿಗೆ ಚೆನ್ನಾಗಿ ಗೊತ್ತಂಡಿ, ಎರಡು ವರ್ಷ ನನ್ನ ಜೊತೆ ಇದ್ದಾರಲ್ಲ. ಒದ್ದೆ ಬಟ್ಟೆ ಇಟ್ಟು ಇಸ್ತ್ರಿ ಪೆಟ್ಟಿಗೆ ಒತ್ತಿದ್ರೆ ಐದು ನಿಮಿಷದಲ್ಲಿ ಎದ್ದುಬರುತ್ತೆ ಸಾರ್, ತೆಗೆದುಬಿಡ್ತೀನಿ ಅಂತ ಮೊದಲಿನಿಂದ ಹೇಳ್ತಿದ್ದೆ. ಮುಟ್ಟಬೇಡ ಅಂತಿದ್ರು. ಅವತ್ತೂ ಕೇಳಿದೆ. 'ಇರಲಿ ಬಿಡು, ಬೇಡ ಅಂದೋರು ಬೇಡ ಅಂದಾಯ್ತಲ್ಲ' ಅಂದ್ರು. ಅದೋ, ಆ ಬೆಂಚ್ ಮೇಲೆ ಕೂತಿದ್ರು. ಅವತ್ತು ಆಡಲೇ ಇಲ್ಲ."

ಬೆಂಚಿನ ಮೇಲೆ ಈಗ ಯಾರದೋ ಹೆಲ್ಮೆಟ್ಟು ಕೂತಿತ್ತು.

"ಅಲ್ಲಿಂದಲೇ ಅಮ್ಮನಿಗೆ ಫೋನ್ ಮಾಡಿದ್ರು. ಮನೇಲಿ ಎಷ್ಟೋ ದಿನದಿಂದ ಒಂದು ಹುಡುಗಿ ನೋಡಿಟ್ಟಿದ್ರಂತೆ. ಹೂಂ ಅಂದ್ಬಿಟ್ರು. ಮೊನ್ನೆ ಗುರುವಾರ ನಿಶ್ಚಿತಾರ್ಥ ಆಯ್ತು, ಫೋಟೋ ಕಳಿಸಿದಾರೆ. ತೋರಿಸಲಾ?" ಅವನ ಕೈ ಆಗಲೇ ಫೋನಿಗೆ ಹೋಗಿತ್ತು.

"ಬ್ಯಾಡ್ರಿ," ಎಂದಳು ಚಿತ್ರಾ. ಅದೇ ದನಿಯಲ್ಲಿ ಅದೇ ಮಾತು ಎರಡನೆಯ ಸಲ ತನ್ನ ಬಾಯಿಂದ ಬಂದದ್ದು ಕೇಳಿಸಿತು.

ಲಿಂಗರಾಜು ಅವಳ ಮುಖ ನೋಡಿದ. ಕೂಡಿ ನಿಂತ ಕ್ಯೂವನ್ನು ನೋಡಿದ. ಫೋನನ್ನು ಮೆಲ್ಲಗೆ ಜೇಬಿಗೆ ಇಳಿಸಿದ. "ಅಯ್ಯೋ," ಎಂದ. ಕೊನೆಗೆ, "ಆ ಸೊಟ್ಟ ತೆಗೆದುಕೊಡಲಾ ಅಮ್ಮಾ? ದುಡ್ಡು ಬೇಡ," ಅಂದ.

ಅವಳು ಬೇಡವೆಂದು ತಲೆಯಾಡಿಸಿದಳು. ಕೊಡುವುದನ್ನು ಕೊಟ್ಟು ಮೆಟ್ಟಿಲಿಳಿದಳು. ಅವನು ಬಾಗಿಲವರೆಗೂ ಬಂದು, "ರೈಲಿನಲ್ಲಿ ಇಷ್ಟುದ್ದ ಕಷ್ಟ ಆಗುತ್ತೆ, ಬಿಚ್ಚಿಕೊಂಡು ಹೋಗಿ ಅಂಡಿ," ಎಂದು ಕೂಗಿದ್ದು ಬೀದಿಯ ಗದ್ದಲದಲ್ಲಿ ಉಳಿಯಿತು.

ಕಷ್ಟವೇ ಆಯಿತು. ಸಾಮಾನ್ಯ ಬೋಗಿಯಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿದ್ದರೂ ಕೋಲು ಅವಳ ತಲೆಗಿಂತ ಎತ್ತರ. ಮೊಣಕಾಲ ನಡುವೆ ನಿಲ್ಲಿಸಿಕೊಂಡು ಎರಡೂ ಕೈಯಲ್ಲಿ ಹಿಡಿದು ಕೂತಳು. ಏಲೂರಿನಲ್ಲಿ ಹತ್ತಿದವರು ಬೈದರು. ತಾಡೇಪಲ್ಲಿಗೂಡೆಂನಲ್ಲಿ ಒಬ್ಬಾತ ಅದಕ್ಕೆ ತನ್ನ ಚೀಲ ನೇತುಹಾಕಲು ನೋಡಿದ. ಎದುರು ಕೂತಿದ್ದ ಹೆಂಗಸು, ಮಡಿಲಲ್ಲಿ ಹೂವಿನ ಬುಟ್ಟಿ, ಬಹಳ ಹೊತ್ತಿನಿಂದ ಕೋಲಿನ ನಡುವಿನ ಹೊಳೆಯುವ ಪಟ್ಟಿಯನ್ನೇ ನೋಡುತ್ತಿದ್ದಳು.

"ಇದಿ ರೆಂಡು ಮುಕ್ಕಲು ಕದಮ್ಮಾ?" ಎಂದು ಕೇಳಿದಳು. ಎರಡು ತುಂಡಲ್ಲವೇ ಇದು? "ವಿಪ್ಪೇಸುಕೋವಚ್ಚು ಕದಾ."

ಬಿಚ್ಚಿಕೊಳ್ಳಬಹುದಲ್ಲ. ಚಿತ್ರಾ ಹಿಡಿತ ಬಿಗಿ ಮಾಡಿದಳು.

"ರಾದಂಡಿ," ಎಂದಳು. ಬರೋದಿಲ್ಲ.

ರೈಲಿನ ಸದ್ದು ಒಮ್ಮೆಲೇ ಟೊಳ್ಳಾಯಿತು. ಸೇತುವೆ. ಹೆಂಗಸು ಸೆರಗಿನ ಗಂಟಿನಿಂದ ನಾಣ್ಯ ತೆಗೆದು ಹಣೆಗೆ ಒತ್ತಿಕೊಂಡು ಕಿಟಕಿಯಿಂದ ಎಸೆದಳು. ಕೆಳಗೆ ಗೋದಾವರಿ ಎರಡೂ ಕಡೆಗೆ ದಡ ಕಾಣದಷ್ಟು ಹರಡಿ ಸಂಜೆಯನ್ನು ಹೊತ್ತುಕೊಂಡಿತ್ತು. ಸೇತುವೆಯ ಕಬ್ಬಿಣದ ತೊಲೆಗಳ ನೆರಳು ಒಂದರ ಹಿಂದೊಂದು ಬಂದು ಶಾಫ್ಟಿನ ಮೇಲೆ ಹಾಯುತ್ತಿತ್ತು. ನೆರಳು ಸರಿದಾಗೆಲ್ಲ ಆ ಪುಟ್ಟ ತಗ್ಗಿನಲ್ಲಿ ಒಂದು ಹನಿ ಬೆಳಕು ನಿಲ್ಲುವುದು, ಮರುಗಳಿಗೆಯಲ್ಲಿ ಹೋಗುವುದು. ಚಿತ್ರಾ ಹೆಬ್ಬೆರಳನ್ನು ತುದಿಗೆ ಆನಿಸಿ ಗೇಣು ಚಾಚಿದಳು. ಅದರ ಕೆಳಗೆ ಒಂದು, ಎರಡು, ಮೂರು, ನಾಲ್ಕನೆಯ ಬೆರಳನ್ನಿಟ್ಟಳು. ಸೇತುವೆ ಮುಗಿಯುವವರೆಗೂ ತೆಗೆಯಲಿಲ್ಲ.